ಅಣ್ಣನ ಪಿಚ್ಚಿನ ಮೇಲೆ ಆಯಿಯ ಕಡ್ಲಿ

ನನಗೆ ಕ್ರಿಕೆಟ್ ಬರುವುದಿಲ್ಲ ಎಂಬ ಸಂಗತಿ ನಾಲ್ಕು ತಾಲೂಕುಗಳಲ್ಲಿ ಬೇರೆಬೇರೆಯಾಗಿ ಸಾಬೀತಾಗಿದೆ. ರಾಮದುರ್ಗದಲ್ಲಿ ಮೊದಲ ಚೆಂಡಿಗೇ ಬೌಲ್ಡ್ ಆದೆ. ನೋ ಬಾಲ್ ಎಂದು ಅಂಪೈರು ವಾಪಸು ಕರೆದರು. ಎರಡನೆಯ ಚೆಂಡಿಗೆ ಮತ್ತೆ ಬೌಲ್ಡ್ ಆದೆ. ಕಿತ್ತೂರಿನಲ್ಲಿ ಬೌಂಡರಿ ಗೆರೆಯ ಹತ್ತಿರ ಓಡಿಹೋಗಿ, ಹಾರಿ, ಉರುಳಿ ಒಂದು ಕ್ಯಾಚು ಹಿಡಿದು ಕುಣಿದಾಡಿದೆ. ಅದು ಪಕ್ಕದಲ್ಲಿ ನಡೆದಿದ್ದ ಬೇರೆ ಪಂದ್ಯದ ಚೆಂಡು. ನಮ್ಮ ಚೆಂಡು ಅಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ ಬೌಂಡರಿಗೆ ಹೋಗಿತ್ತು. ಸವದತ್ತಿಯಲ್ಲಿ ಬೌಲಿಂಗ್ ಮಾಡಲು ಜೋರಾಗಿ ಓಡಿಬಂದವನು ಚೆಂಡನ್ನು ಕೈಯಲ್ಲಿ ಹಿಡಿದುಕೊಂಡೇ ಬ್ಯಾಟ್ಸ್‌ಮನ್ ತನಕ ಹೋಗಿಬಿಟ್ಟೆ. ಅವನು ಗಾಬರಿಯಾಗಿ ಬ್ಯಾಟು ಕೆಳಗಿಟ್ಟು ನನ್ನ ಕೈ ಕುಲುಕಿದ. ಬೈಲಹೊಂಗಲದಲ್ಲಿ ನಡೆದದ್ದನ್ನು ಇಲ್ಲಿ ಬರೆಯುವುದಿಲ್ಲ. ಅದು ನಮ್ಮೂರು, ನನಗಿನ್ನೂ ಮದುವೆ ಆಗಬೇಕು.

ಆದರೂ ಪ್ರತಿ ವರ್ಷ ನಾನು ತಂಡದಲ್ಲಿರುತ್ತೇನೆ. ನಮ್ಮ ನಾಲ್ಕು ತಾಲೂಕಿನ ಟೆನಿಸ್ ಬಾಲ್ ಲೀಗಿಗೂ ದೊಡ್ಡ ಲೀಗಿನ ಹಾಗೆ ಮಾಲೀಕರು, ಹರಾಜು, ಮಿಂಚುವ ಅಂಗಿ ಎಲ್ಲ ಇವೆ. ಯರಗಟ್ಟಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನಮ್ಮ ಮಾಲೀಕರು ನನ್ನ ಸರದಿ ಬಂದಾಗ ಪಕ್ಕದವರಿಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. "ಇವರಪ್ಪಂದು ಸಣ್ಣ ಟೆಂಪೋ ಐತಿ. ಟೆಂಪೋ ಬರೂದಿದ್ರ ಇಂವನೂ ಬರ್ಲಿ ಬಿಡ್ರಿ." ನನಗೇನೂ ಬೇಸರವಾಗಲಿಲ್ಲ. ಟೆಂಪೋಗೆ ಮಾತ್ರ ಸ್ವಲ್ಪ ಸೊಕ್ಕು ಬಂದ ಹಾಗೆ ಕಂಡಿತು.

ಇಂಥ ನನಗೆ ದೊಡ್ಡಪ್ಪನ ಮಗ ಒಬ್ಬ ಅಣ್ಣ. ಅವನು ದೇಶದ ಪರವಾಗಿ ಎರಡು ಪಂದ್ಯ ಆಡಿದವನು. ಎರಡರಲ್ಲೂ ಸ್ಪಿನ್ನಿಗೆ ಔಟಾದ. ಆಮೇಲೆ ಅವನನ್ನು ಕೈಬಿಟ್ಟರು, "ಸ್ಪಿನ್ ಆಡೋಕೆ ಬರಲ್ಲ" ಎಂಬ ಚೀಟಿ ಬೆನ್ನಿಗೆ ಅಂಟಿಕೊಂಡಿತು. ರಾಜ್ಯದ ಪರವಾಗಿ ಅವನು ಇವತ್ತಿಗೂ ಆಡುತ್ತಾನೆ. ಆದರೆ ಖಾಲಿ ಗ್ಯಾಲರಿಯ ಮುಂದೆ ದಿನವಿಡೀ ನಿಂತು ನೂರು ಹೊಡೆದರೆ ಪೇಪರಿನ ಮೂಲೆಯಲ್ಲಿ ಒಂದು ಸಾಲು ಬರುತ್ತದೆ. ಅದೇ ಫ್ರಾಂಚೈಸಿ ಲೀಗಿನಲ್ಲಿ ದೀಪದ ಕೆಳಗೆ ನಾಲ್ಕು ಚೆಂಡು ಸರಿಯಾಗಿ ಹೊಡೆದರೆ ಆಯ್ಕೆ ಸಮಿತಿಯವರ ಮನೆಯ ಮೊಮ್ಮಕ್ಕಳಿಗೂ ಗೊತ್ತಾಗುತ್ತದೆ. ಹೀಗಾಗಿ ಮತ್ತೆ ದೇಶದ ತಂಡಕ್ಕೆ ಹೋಗಬೇಕೆಂದರೆ ಅವನಿಗೆ ಇದ್ದದ್ದು ಅದೊಂದೇ ಬಾಗಿಲು. ಎರಡು ವರ್ಷದಿಂದ ಹರಾಜಿನಲ್ಲಿ ಅವನಿಗೆ ಯಾರೂ ಕೈ ಎತ್ತಿರಲಿಲ್ಲ. ಊರಿಗೆ ಬಂದರೆ ಕಟಿಂಗ್ ಅಂಗಡಿಯಲ್ಲಿ "ಅಣ್ಣಾರ, ಮತ್ತ ಯಾವಾಗ ಟಿವ್ಯಾಗ?" ಎಂದು ಕೇಳುತ್ತಿದ್ದರು. ಅಣ್ಣ ಕೂದಲು ಕತ್ತರಿಸಿಕೊಳ್ಳಲು ಹುಬ್ಬಳ್ಳಿಗೆ ಹೋಗತೊಡಗಿದ.

ಈ ವರ್ಷ ಕಡ್ಲಿ ಕೀಳುವ ಹೊತ್ತಿನಲ್ಲಿ ಅಣ್ಣನ ಫೋನು ಬಂತು.

"ತಮ್ಮಾ, ಒಂದ್ ಟೀಮಿನ್ಯಾಗ ಒಬ್ಬನ ಕಾಲ ಮುರದೈತಿ."

"ಛಲೋ ಆತಲ್ಲಣ್ಣ."

"ಹಂಗ ಅನಬ್ಯಾಡಲೇ. ಅವನ ಜಾಗಾಕ್ಕ ನಾಕ್ ಮಂದೀನ್ನ ಟ್ರಯಲ್‌ಕ್ಕ ಕರದಾರ. ಒಬ್ಬನ್ನ ತಗೋತಾರ. ಕರಿ ಮಣ್ಣಿನ ಪಿಚ್ ಅಂತ, ಮೂರೂ ದಿನ ಬರೇ ಸ್ಪಿನ್ ಹಾಕ್ತಾರಂತ. ನನಗ ಊರಾಗ ಒಂದ್ ಕರಿ ಮಣ್ಣಿನ ಪಿಚ್ ಆದೀತೇನು? ಎಂಟ್ ದಿನ ಪ್ರಾಕ್ಟೀಸ್ ಸಿಕ್ಕರ ಸಾಕು."

"ಆಗತೈತಿ."

"ವಿಚಾರ ಮಾಡಿ ಹೇಳು."

"ಮಾಡೇ ಹೇಳೇನಿ" ಎಂದೆ. ಮಾಡಿರಲಿಲ್ಲ.

ಅಣ್ಣ ದನಿ ತಗ್ಗಿಸಿ ಹೇಳಿದ. "ಮೂವತ್ತೆರಡ ಆದವು ನನಗ. ಈ ಸಲ ಒಳಗ ಹೋಗಲಿಲ್ಲಂದ್ರ ಸಾಕ ಮಾಡತೇನಿ. ಧಾರವಾಡದಾಗ ಒಂದ್ ಸಾಲಿಯವರು ಆಟದ ಮಾಸ್ತರ ಆಗಿ ಬಾ ಅಂದಾರ. ಮನ್ಯಾಗ ಹೇಳಬ್ಯಾಡ."

ಅಣ್ಣ ಸೀಟಿ ಊದುತ್ತ ಮಕ್ಕಳಿಗೆ ಕವಾಯತು ಮಾಡಿಸುವುದನ್ನು ನೆನೆಸಿಕೊಂಡು ನನಗೆ ನಗು ಬಂತು. ನಕ್ಕು ಮುಗಿಸಿದವನು ಅವತ್ತೇ ಜಾಗ ಹುಡುಕಲು ಹೊರಟೆ.

ಊರಿನ ಮೈದಾನದಲ್ಲಿ ಯಾವುದೋ ಮೇಳದ ಪೆಂಡಾಲು ಹಾಕಿದ್ದರು. ಹಾಗಾಗಿ ಚಚಡಿ ಕಡೆ ಹೊಲ ಮಾಡಿಕೊಂಡಿರುವ ಕಾಕಾನ ಹತ್ತಿರ ಹೋದೆ. ಪಿಚ್ಚು ಎಂದರೆ ಏನೆಂದು ಅರ್ಧ ತಾಸು ವಿವರಿಸಿದೆ. ಕಾಕಾ ಎಲೆ ಅಡಿಕೆ ಮುಗಿಯುವ ತನಕ ಕೇಳಿದ.

"ನೆಲ ಗಟ್ಟಿ ಇರಬೇಕು, ಸಮ ಇರಬೇಕು, ಧೂಳ ಏಳಬಾರದು. ಹೌದಲ್ಲ?"

"ಹೌದು."

"ಅದಕ್ಕ ಕಣ ಅಂತಾರ. ಇಷ್ಟೊತ್ತು ಏನ್ ಇಂಗ್ಲೀಷ್ ಬಡಕೊಂಡಿ?"

ರಾಶಿ ಮಾಡುವ ಮಷಿನ್ನು ಬಂದ ಮೇಲೆ ನಮ್ಮ ಕಡೆ ಕಣ ಮಾಡುವವರೇ ಇಲ್ಲ. ಕಾಕಾನ ಕೈ ಎಷ್ಟೋ ವರ್ಷದಿಂದ ತುರಿಸುತ್ತಿತ್ತು ಅನ್ನಿಸುತ್ತದೆ. ಅದೇ ದಿನ ಗೂಟ ಹೊಡೆದು, ನೆಲ ಕೆರೆದು, ನೀರು ಹಾಯಿಸಿ ತುಳಿಸಲು ಶುರು ಮಾಡಿದ. ಕಷ್ಟ ಬಂದದ್ದು ಆಕಾರದಲ್ಲಿ. ನನಗೆ ಉದ್ದನೆಯ ಪಟ್ಟಿ ಬೇಕಿತ್ತು. ಕಾಕಾನ ಪ್ರಕಾರ ಕಣ ಎಂದರೆ ದುಂಡಗಿರಬೇಕು, ನಡುವೆ ಮೇಟಿ ಇರಬೇಕು. ಮೇಟಿ ಎಂದರೆ ಎತ್ತು ಕಟ್ಟಿ ಸುತ್ತಿಸುವ ಕಂಬ.

"ಕಾಕಾ, ಪಿಚ್ಚಿನ್ಯಾಗ ಕಂಬ ಇರಂಗಿಲ್ಲ."

"ನೀವು ಮೂರ್ ಕಟಗಿ ಹುಗೀತೀರಿ. ನಾ ಒಂದ್ ಹುಗದ್ರ ಏನ್ ಅಡ್ಡಿ? ಮೇಟಿ ಇಲ್ಲದ ಕಣ ನಾ ಮಾಡಂಗಿಲ್ಲ. ಬೇಕಾದ್ರ ಹೋಗಿ ಸಿಮೆಂಟ ಹಾಕ್ಕೋ."

ಕೊನೆಗೆ ಒಪ್ಪಂದವಾಯಿತು. ಒಂದು ದುಂಡು ಕಣ, ಅದರ ನಡುವೆ ಮೇಟಿ, ಅಲ್ಲಿಂದ ಹೊರಟ ಒಂದು ಉದ್ದ ಬಾಲ. ಬ್ಯಾಟ್ ಮಾಡುವವನಿಗೆ ಮೇಟಿಯೇ ಸ್ಟಂಪು, ಬೌಲಿಂಗ್ ಮಾಡುವವನು ಬಾಲದ ತುದಿಯಿಂದ ಬರಬೇಕು. ಗಿಡ ಹತ್ತಿ ನೋಡಿದರೆ ಹೊಲದಲ್ಲಿ ಯಾರೋ ದೊಡ್ಡ ಸೌಟು ಮರೆತು ಹೋದ ಹಾಗೆ ಕಾಣುತ್ತಿತ್ತು.

ಹದವಾಗಿ ಒದ್ದೆ ಇದ್ದ ಹೊತ್ತಿನಲ್ಲಿ ಅದರ ಮೇಲೆ ಕಲ್ಲಿನ ರೋಲರು ಎಳೆಯಬೇಕಿತ್ತು. ಆದರೆ ಅವತ್ತು ಸೋಮವಾರ. ನಮ್ಮಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ದಿನ. ಮಂಗಳವಾರದ ತನಕ ಬಿಟ್ಟರೆ ಮಣ್ಣು ಬಿರುಕು ಬಿಡುತ್ತಿತ್ತು. ಕಾಕಾ ನನ್ನನ್ನೂ ನನ್ನ ಜೊತೆ ಬಂದಿದ್ದ ಗೆಳೆಯನನ್ನೂ ಮೇಲಿಂದ ಕೆಳಗೆ ನೋಡಿದ. ಗೆಳೆಯ ನಮ್ಮ ಲೀಗ್ ತಂಡದ ಸ್ಪಿನ್ನರ್, ನನ್ನ ಹಾಗಲ್ಲ, ನಿಜವಾಗಿ ಚೆಂಡು ತಿರುಗಿಸುತ್ತಾನೆ.

"ಎತ್ತ ಹೂಡಬಾರದು. ಮನಷ್ಯಾರನ್ನ ಹೂಡಬ್ಯಾಡ ಅಂತ ಯಾರೂ ಹೇಳಿಲ್ಲ" ಎಂದ ಕಾಕಾ.

ನಾವಿಬ್ಬರೂ ನೊಗಕ್ಕೆ ಹೆಗಲು ಕೊಟ್ಟೆವು. ಬೇವಿನ ಗಿಡದ ಕೆಳಗೆ ಎರಡು ಎತ್ತು ಮಲಗಿಕೊಂಡು ಮೆಲುಕು ಹಾಕುತ್ತ ನಮ್ಮನ್ನೇ ನೋಡುತ್ತಿದ್ದವು. ನಾವು ತಿರುವಿನಲ್ಲಿ ತಪ್ಪಿದಾಗ ಅದರಲ್ಲಿ ಒಂದು ಮುಖ ತಿರುಗಿಸಿತು. ಕಾಕಾ ಹಿಂದಿನಿಂದ ರೂಢಿಯಂತೆ ನಾಲಿಗೆ ಲೊಟಗುಟ್ಟಿಸಿ "ಹೋ, ಬಲಕ್ಕ, ಬಲಕ್ಕ" ಎನ್ನುತ್ತ ಬಾರುಕೋಲು ತಾಗಿಸುತ್ತಿದ್ದ. ಒಂದು ಸಲ ಬಾಲ ತಿರುವಲು ನನ್ನ ಹಿಂದೆ ಕೈ ಚಾಚಿದವನು ನಡುವೆ ನೆನಪಾಗಿ ಕೈ ಹಿಂದೆಗೆದ.

"ಕಾಕಾ, ಸ್ವಲ್ಪ ನೀರ ಕುಡೀತೇವಿ."

"ಆ ಎತ್ತ ಒಮ್ಮೆರ ನೀರ ಕೇಳ್ಯಾವೇನು ನನಗ?"

ಮಂಗಳವಾರ ಸಗಣಿ ಸಾರಿಸಿ ಮುಗಿಸಿದೆವು. ಕಣ ಕನ್ನಡಿಯ ಹಾಗೆ ಇತ್ತು. ಆಗ ಪಕ್ಕದ ಹೊಲದ ಆಯಿ ಬಂದಳು. ಎಪ್ಪತ್ತು ದಾಟಿದ, ಬೆನ್ನು ಸ್ವಲ್ಪವೂ ಬಾಗದ ಮುದುಕಿ. ಕುಕ್ಕರಗಾಲಿನಲ್ಲಿ ಕುಳಿತು ನೆಲದ ಮೇಲೆ ಅಂಗೈ ಆಡಿಸಿದಳು.

"ಎಷ್ಟ ಚಂದ ಕಣ ಮಾಡೀರಿ ಯಪ್ಪಾ. ಇಂಥಾದ್ದ ನೋಡಿ ಎಷ್ಟ ವರ್ಷ ಆತು. ನಂದೂ ಒಂದೀಟ ಕಡ್ಲಿ ಐತಿ. ಮಷಿನ್ ಕರಸೂವಷ್ಟ ಇಲ್ಲ. ಇಲ್ಲೇ ತಂದ ಬಡ್ಕೋಲೇನು?"

ಹೊಗಳಿಕೆ ಕೇಳಿ ನನ್ನ ಕಾಲು ನೆಲದ ಮೇಲೆ ನಿಂತಿರಲಿಲ್ಲ. "ಅದನ್ನೇನ ಕೇಳ್ತೀರಿ ಆಯಿ. ನಿಮ್ಮದ ಕಣ ತಿಳಕೋರಿ" ಎಂದೆ.

ಇದು ನಮ್ಮ ಕಡೆಯ ಮರ್ಯಾದೆಯ ಮಾತು. ದಾರಿಯಲ್ಲಿ ಸಿಕ್ಕವರಿಗೆ "ಬರ್ರಿ ಊಟಕ್ಕ" ಅನ್ನುತ್ತೇವೆ, ಅವರು "ಆತ್ರಿ" ಎಂದು ತಮ್ಮ ಪಾಡಿಗೆ ಹೋಗುತ್ತಾರೆ, ಯಾರೂ ಕೈ ತೊಳೆದುಕೊಂಡು ಬಂದು ಕೂರುವುದಿಲ್ಲ. ಆಯಿಯೂ "ಆತಪ್ಪಾ" ಎಂದು ಹೋದಳು. ನಾನು ಅಲ್ಲಿಗೇ ಮರೆತೆ.

ಬುಧವಾರ ಅಣ್ಣ ಬಂದ. ಸೌಟಿನ ಆಕಾರ ನೋಡಿ ನಕ್ಕ. ಆದರೆ ಬೆರಳಿನಿಂದ ನೆಲ ಒತ್ತಿ ನೋಡಿದವನು ನಗು ನಿಲ್ಲಿಸಿದ. "ಛಲೋ ಐತಲೇ ಇದು" ಎಂದ. ಗೆಳೆಯನ ಚೆಂಡು ಆ ನೆಲದ ಮೇಲೆ ಬಿದ್ದರೆ ಬುಗುರಿಯ ಹಾಗೆ ತಿರುಗುತ್ತಿತ್ತು. ನಾನು ಹಾಕಿದ ಚೆಂಡುಗಳೂ ತಿರುಗುತ್ತಿದ್ದವು, ಆದರೆ ಗಾಳಿಯಲ್ಲೇ, ನವಿಲುತೀರ್ಥ ಡ್ಯಾಮಿನ ದಿಕ್ಕಿಗೆ.

ಎರಡು ದಿನದಲ್ಲಿ ಅಣ್ಣನ ರೋಗ ನನ್ನಂಥವನಿಗೂ ಕಂಡಿತು. ಸ್ಪಿನ್ನರ್ ಕೈಯಿಂದ ಚೆಂಡು ಬಿಟ್ಟನೋ ಇಲ್ಲವೋ, ಅಣ್ಣ ಮುಂದೆ ನುಗ್ಗಿಬಿಡುತ್ತಿದ್ದ. ಚೆಂಡು ಅವನ ಪಕ್ಕದಿಂದ ಹಾದು ಮೇಟಿಗೆ ಟಕ್ ಎಂದು ಬಡಿಯುತ್ತಿತ್ತು.

"ಔಟ್" ಎನ್ನುತ್ತಿದ್ದ ಗೆಳೆಯ.

"ಮೇಟಿ ಬಿದ್ದಿಲ್ಲಲ್ಲ" ಎಂದು ನಾನು ಅಣ್ಣನ ಪರ ವಾದ ಮಾಡುತ್ತಿದ್ದೆ.

"ಕಾಲ ಮೊದಲ ಹೊಂಟ ಬಿಡತಾವಲೇ" ಎಂದ ಅಣ್ಣ ಗುರುವಾರ ಸಂಜೆ. "ಚೆಂಡ ಎಲ್ಲಿ ಬೀಳತೈತಿ ಅಂತ ಕಣ್ಣ ನೋಡೂದಕ್ಕಿಂತ ಮೊದಲ. ಎರಡೂ ಮ್ಯಾಚಿನ್ಯಾಗ ಇದ ಆತು. ಎಷ್ಟ ಮಂದಿ ಕೋಚ್ ಹೇಳಿದ್ರೂ ಈ ಕಾಲಿಗೆ ತಿಳಿವಲ್ದು."

ಶುಕ್ರವಾರ ಬೆಳಿಗ್ಗೆ ಅಣ್ಣ ಪ್ಯಾಡು, ಹೆಲ್ಮೆಟ್ಟು, ಮೊಳೆಯ ಬೂಟು ಎಲ್ಲ ಹಾಕಿಕೊಂಡೇ ನನ್ನ ಟೆಂಪೋದಿಂದ ಇಳಿದ. ಪಿಚ್ಚು ಕಾಣಲಿಲ್ಲ. ಅದು ಇದ್ದ ಜಾಗದಲ್ಲಿ, ಸೌಟಿನ ಹಿಡಿಕೆಯ ತುದಿಯವರೆಗೂ, ಒಣಗಿದ ಕಡ್ಲಿ ಗಿಡ ಮೊಣಕಾಲೆತ್ತರ ಬಿದ್ದಿತ್ತು. ಮೇಟಿಯ ಬುಡದಲ್ಲಿ ಸಗಣಿಯ ಬೆನಕ, ಅದರ ತಲೆಯ ಮೇಲೆ ಗರಿಕೆ. ಆಯಿ ಕೈಯಲ್ಲಿ ಬಡಿಗೆ ಹಿಡಿದು ನಿಂತಿದ್ದಳು.

"ಬೂಟ ತಗೀ ಯಪ್ಪಾ. ಕಣದಾಗ ಬೂಟ ಹಾಕ್ಕೊಂಡ ಬರ್ತಾರೇನು?"

ದೇಶಕ್ಕೆ ಎರಡು ಪಂದ್ಯ ಆಡಿದವನು ಅಲ್ಲೇ ಕುಳಿತು ಬೂಟಿನ ಲೇಸು ಬಿಚ್ಚಿದ. ಬಿಚ್ಚುತ್ತ ಕೇಳಿದ.

"ಆಯಿ, ಇಲ್ಲಿ ಹಾಕಾಕ ಯಾರ ಹೇಳಿದ್ರು ನಿಮಗ?"

"ಇಂವನ. ನಿಮ್ಮದ ಕಣ ತಿಳಕೋರಿ ಅಂದ. ಭಾಳ ಸಂಸ್ಕಾರದ ಹುಡುಗ."

ಅಣ್ಣ ನನ್ನ ಕಡೆ ತಿರುಗಿದ. ಹೆಲ್ಮೆಟ್ಟಿನ ಜಾಲರಿಯ ಹಿಂದಿನಿಂದ ನೋಡುವ ಕಣ್ಣು ಬಹಳ ದೊಡ್ಡದಾಗಿ ಕಾಣುತ್ತದೆ.

"ಅಂದೀಯೇನಲೇ?"

"ಹಂಗ ಮಾತಿಗೆ ಅಂದೇನಣ್ಣ."

"ಕಣದ ಇಸ್ಯಾದಾಗ ಯಾರೂ ಹಂಗ ಮಾತಿಗೆ ಅನ್ನಂಗಿಲ್ಲೋ ಮಬ್ಬ" ಎಂದ ಕಾಕಾ. "ಕಣ ಕೇಳಿದವರಿಗೆ ಇಲ್ಲ ಅನಬಾರದು. ಹಾಕಿದ ಮ್ಯಾಲ ಕಾಳ ಆಗೂತನಕ ತಗ್ಯಾಂಗಿಲ್ಲ. ಹಿಂಗ ಅಂತ ನಿನಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ನಾನು ಮಷಿನ್ನಿನ ಕಾಲದಲ್ಲಿ ಹುಟ್ಟಿದವನು. ಕಣ ನೋಡಿದ್ದೇ ಮೊದಲ ಸಲ.

ಟ್ರಯಲ್ಲಿಗೆ ಹೊರಡಲು ಆರು ದಿನ ಉಳಿದಿತ್ತು. ಬೇಗ ಖಾಲಿ ಆಗಬೇಕೆಂದರೆ ಎಲ್ಲರೂ ಬಡಿಯಬೇಕು. ಅಣ್ಣನೂ ಬಡಿಗೆ ಹಿಡಿದ. ಒಂದು ಮೊಣಕಾಲು ಊರಿ, ನೆಲಕ್ಕೆ ತಾಗುವ ಹಾಗೆ ಅಡ್ಡಡ್ಡ ಬಡಿಯುವುದನ್ನು ನೋಡಿ ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. ಇದು ಸ್ವೀಪ್ ಹೊಡೆತವಲ್ಲದೆ ಮತ್ತೇನು. ಕಡ್ಲಿ ಬಡಿಯುತ್ತ ಬಡಿಯುತ್ತ ಅಣ್ಣನಿಗೆ ಸ್ಪಿನ್ ಆಡಲು ಬಂದುಬಿಡುತ್ತದೆ, ನಾನು ಮಾಡಿದ ತಪ್ಪು ಪುಣ್ಯವಾಗುತ್ತದೆ ಎಂದು ಎಲ್ಲರಿಗೂ ಸಾರಿದೆ. ಮಧ್ಯಾಹ್ನದ ಹೊತ್ತಿಗೆ ಅಣ್ಣನ ಸೊಂಟ ಹಿಡಿಯಿತು. ಕಡ್ಲಿಯ ಹೊಟ್ಟಿನಲ್ಲೇ ಅಂಗಾತ ಮಲಗಿ ಆಕಾಶ ನೋಡುತ್ತಿದ್ದ.

"ದೇಶಕ್ಕ ಆಡ್ಯಾನಂತ" ಎಂದಳು ಆಯಿ, ಬಡಿಗೆ ನಿಲ್ಲಿಸದೆ. "ಎರಡ್ ಹೊರಿ ಬಡ್ಯಾಕ ಆಗವಲ್ದು."

"ಆಯಿ, ಚೆಂಡ ಹೊಡ್ಯೂದ ಬ್ಯಾರೆ ಇರತೈತ್ರಿ" ಎಂದ ಅಣ್ಣ ಮಲಗಿದಲ್ಲಿಂದಲೇ.

"ಅದು ಒಂದ ಐತಿ. ಇವು ಲಕ್ಷ ಅದಾವ. ನಾ ಮಾತಾಡಾಕತ್ತೇನೇನು?"

ಭಾನುವಾರ ಬಡಿದು ಮುಗಿಯಿತು. ಇನ್ನು ತೂರಿದರೆ ಆಯಿತು, ಪಿಚ್ಚು ನಮ್ಮದು. ತೂರಲು ಗಾಳಿ ಬೇಕು. ಗಾಳಿ ನಿಂತುಹೋಗಿತ್ತು. ಬೇವಿನ ಎಲೆ ಸಹ ಅಲ್ಲಾಡುತ್ತಿರಲಿಲ್ಲ. ಅಣ್ಣ ಮೇಟಿಗೆ ಒರಗಿ ಕುಳಿತ. ನಾನು ಅವನ ಕಡೆ ನೋಡಲಿಲ್ಲ. ತನ್ನ ಜಿಲ್ಲೆಯಲ್ಲಿ ಅಷ್ಟು ಜಾಗವಿದ್ದೂ ಧಾರವಾಡದ ಆ ಶಾಲೆ ನನ್ನ ಕಣ್ಣ ಮುಂದೆಯೇ ಬಂದು ನಿಂತಿತ್ತು.

ಆಯಿ ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕಾಳು ಹೊಟ್ಟು ಎಲ್ಲ ಬಳಿದು ಮೇಟಿಯ ಹಿಂದಕ್ಕೆ ಗುಡ್ಡೆ ಮಾಡಿದಳು.

"ಗಾಳಿ ಬರೂತನಕ ಆಡ್ಕೋರಿ. ಆದ್ರ ಬೂಟ ಹಾಕ್ಕೋಬಾರದು. ನನ್ನ ರಾಶಿಗೆ ಚೆಂಡ ಬರಬಾರದು."

ಹೇಳಿ ಅವಳು ರಾಶಿಯ ಪಕ್ಕ ಚೀಲ ಹಾಸಿಕೊಂಡು ಕುಳಿತಳು. ಚೆಂಡು ತಾಗೀತೆಂದು ಕಾಕಾ ಅವಳ ಮುಂದೆ ತಾನು ಮಲಗುವ ಹೊರಸನ್ನು ಅಡ್ಡ ನಿಲ್ಲಿಸಿದ. ಹೊರಸಿನ ನುಲಿಯ ಸಂದಿಯಿಂದ ಅವಳ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಅಂಥ ವಿಕೆಟ್ ಕೀಪರನ್ನು ನಾನು ಟಿವಿಯಲ್ಲೂ ಕಂಡಿಲ್ಲ.

ಅಣ್ಣ ಬರಿಗಾಲಲ್ಲಿ ನಿಂತ. ಎಷ್ಟು ಗುಡಿಸಿದರೂ ನೆಲದ ತುಂಬ ಕಡ್ಲಿಯ ಒಣಕಡ್ಡಿ, ಮುರಿದ ಬೇರು. ಗೆಳೆಯ ಮೊದಲ ಚೆಂಡು ಹಾಕಿದ. ಅಣ್ಣ ರೂಢಿಯಂತೆ ನುಗ್ಗಿದ, "ಅಯ್ಯೋ" ಎಂದು ಒಂಟಿಗಾಲಲ್ಲಿ ಕುಣಿದ, ಚೆಂಡು ಹಿಂದೆ ಹೋಗಿ ರಾಶಿಯಲ್ಲಿ ಹೂತುಕೊಂಡಿತು.

"ಬಂತಿಲ್ಲಿ" ಎಂದಳು ಆಯಿ.

ಎರಡನೆಯದಕ್ಕೂ ಹಾಗೇ ಆಯಿತು.

"ಮತ್ತ ಬಂತು. ತಮ್ಮಾ, ಕೈಯಾಗ ಅಷ್ಟ ಅಗಲ ಕಟಗಿ ಐತಿ, ಚೆಂಡ ಈಟ ಐತಿ. ಏನಾಗೇತಿ ನಿನಗ?"

ಐದಾರು ಸಲ ಚುಚ್ಚಿಸಿಕೊಂಡ ಮೇಲೆ ಅಣ್ಣನ ಕಾಲು ಹೆದರಿಕೊಂಡವು. ಎಷ್ಟೋ ಕೋಚುಗಳ ಮಾತು ಕೇಳದ ಕಾಲು ಕಡ್ಲಿಯ ಬೇರಿನ ಮಾತು ಕೇಳಿದವು. ಅವನು ನಿಂತಲ್ಲೇ ನಿಲ್ಲತೊಡಗಿದ. ಚೆಂಡು ಬಿದ್ದು, ತಿರುಗಿ, ಹತ್ತಿರ ಬರುವ ತನಕ ಕಾಯ್ದು, ಆಮೇಲೆ ಅರ್ಧ ಹೆಜ್ಜೆ ಹುಷಾರಾಗಿ ಇಟ್ಟು ಬ್ಯಾಟು ತಾಗಿಸುತ್ತಿದ್ದ. ತಪ್ಪಿದರೆ ಹೊರಸಿನ ಹಿಂದಿನಿಂದ ಬೈಗುಳ. ಸೋಮವಾರ ಸಂಜೆಯ ಹೊತ್ತಿಗೆ ಆಯಿ ಬೈಯುವುದು ಕಡಿಮೆಯಾಯಿತು. ಮಂಗಳವಾರ ಬೈಯಲು ಏನೂ ಸಿಗದೆ ಕುಳಿತಲ್ಲೇ ತೂಕಡಿಸಿದಳು. ಅವತ್ತು ನಾನು ಬೌಲಿಂಗ್ ಮಾಡುತ್ತೇನೆಂದು ಹೋಗಿ ಮೊದಲ ಚೆಂಡನ್ನೇ ನೇರ ರಾಶಿಗೆ ಹಾಕಿದೆ. ಆಯಿ ಎದ್ದು ನನ್ನನ್ನು ಕಣದಿಂದ ಹೊರಗೆ ಹಾಕಿದಳು. ನಾಲ್ಕು ತಾಲೂಕಿನಲ್ಲಿ ಯಾವ ಅಂಪೈರೂ ಮಾಡದ ಕೆಲಸ.

ಬುಧವಾರ ಮಧ್ಯಾಹ್ನ ಗಾಳಿ ಬಂತು. ಅಣ್ಣ ಮೊರ ಎತ್ತಿಕೊಟ್ಟ, ಆಯಿ ತೂರಿದಳು. ಕಣಕ್ಕೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲವಂತೆ. ಎರಡು ಬೊಗಸೆ ಕಡ್ಲಿಯನ್ನು ಅರಿವೆಯಲ್ಲಿ ಕಟ್ಟಿ ಅವನಿಗೆ ಕೊಟ್ಟಳು. ನನಗೂ ಕೊಟ್ಟಳು, ಒಂದು ಬೊಗಸೆ. ಅದರಲ್ಲಿ ಹೊಟ್ಟೇ ಜಾಸ್ತಿ ಇತ್ತು.

ಟ್ರಯಲ್ಲಿನ ಮೂರನೆಯ ದಿನ ಸಂಜೆ ಫೋನು ಬಂತು.

"ಬೂಟ ಹಾಕ್ಕೊಂಡ ಆಡಿದ್ನೆಲೇ. ಆದ್ರೂ ಕಾಲ ಎತ್ತಿ ಇಡಾಕ ಅಂಜಿಕಿ. ಕೆಳಗ ಕಡ್ಡಿ ಅದಾವೇನೋ ಅನ್ನಸ್ತಿತ್ತು. ಅಲ್ಲಿ ಕೋಚ್ ಕೇಳಿದ, ಇಷ್ಟ ತಡದ ಆಡೂದ ಎಲ್ಲಿ ಕಲ್ತಿ ಅಂತ."

"ಏನ್ ಹೇಳಿದಿ?"

"ಊರಾಗ ಒಬ್ಬರ ಕಡೆ ಅಂದೆ."

"ತಗೊಂಡ್ರೇನು?"

"ತಗೊಂಡ್ರು."

ನಾನು ಟೆಂಪೋ ಹಾರ್ನು ಒತ್ತಿಕೊಂಡೇ ಚಚಡಿಗೆ ಹೋದೆ. ಸುದ್ದಿ ಕೇಳಿ ಆಯಿ, "ಕಡ್ಲಿ ತಿಂದನಂತೇನು? ಹುಳ ಬೀಳತಾವ, ಲಗೂನ ತಿನ್ನಂತ ಹೇಳು" ಎಂದಳು.

ಲೀಗಿನ ಮೊದಲ ಪಂದ್ಯಗಳಲ್ಲಿ ಅಣ್ಣ ಬರೀ ನೀರಿನ ಬಾಟಲಿ ಹೊತ್ತ. "ನೀರ ಹೊರಾಕ ಅಷ್ಟ ದೂರ ಹೋಗಬೇಕಿತ್ತೇನು? ಇಲ್ಲೇ ನನ್ನ ಹೊಲದಾಗ ಹೊರಬಹುದಿತ್ತು" ಎಂದು ಕಾಕಾ ಟಿವಿಗೆ ಹೇಳುತ್ತಿದ್ದ. ಅರ್ಧ ಲೀಗು ಮುಗಿದ ಮೇಲೆ ಒಂದು ದಿನ ಆಡಿಸಿದರು. ಸ್ಪಿನ್ನರ್ ಬಂದ. ಕಾಕಾನ ಮನೆಯಲ್ಲಿ ನಾವೆಲ್ಲ, ಆಯಿಯೂ, ಟಿವಿಯ ಹತ್ತಿರ ಸರಿದೆವು. ಅಣ್ಣ ನಿಂತಲ್ಲೇ ನಿಂತು, ಕಾಯ್ದು, ಕೊನೆಯ ಗಳಿಗೆಯಲ್ಲಿ ಹೊಡೆದ. ಚೆಂಡು ಗ್ಯಾಲರಿಗೆ ಹೋಯಿತು. ನಾನು ಕುಣಿಯಲು ಎದ್ದು ಟಿವಿಯ ವೈರಿಗೆ ಕಾಲು ಸಿಕ್ಕಿಸಿದೆ, ಟಿವಿ ಆರಿತು. ಅದನ್ನು ಮತ್ತೆ ಹಚ್ಚುವುದರಲ್ಲಿ ಅವನು ಇನ್ನೂ ಎರಡು ಸಿಕ್ಸರ್ ಹೊಡೆದಿದ್ದನಂತೆ. ಮನೆಯವರು ಅವನ್ನು ಇವತ್ತಿಗೂ ನನ್ನ ಲೆಕ್ಕಕ್ಕೆ ಹಚ್ಚಿ ಬೈಯುತ್ತಾರೆ. ಆಯಿ ಮಾತ್ರ ಒಂದೇ ಮಾತು ಅಂದಳು. "ಮತ್ತ ಬೂಟ ಹಾಕ್ಕೊಂಡಾನ ನೋಡು." ಆಮೇಲಿನ ಎಲ್ಲ ಪಂದ್ಯದಲ್ಲೂ ಅವನನ್ನು ಆಡಿಸಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ದೇಶದ ತಂಡದ ಪಟ್ಟಿ ಬಂತು. ನಾನು ಮೇಲಿಂದ ಕೆಳಗೆ ಓದಿದೆ, ಕೆಳಗಿಂದ ಮೇಲೆ ಓದಿದೆ. ಅಣ್ಣ ಇರಲಿಲ್ಲ. ಕಟಿಂಗ್ ಅಂಗಡಿಯವರು ಅವತ್ತು ಏನೂ ಕೇಳಲಿಲ್ಲ, ನನ್ನ ಕೂದಲನ್ನು ಮಾತ್ರ ಬೇಕಾದ್ದಕ್ಕಿಂತ ಗಿಡ್ಡ ಮಾಡಿ ಕಳಿಸಿದರು. ಎರಡು ದಿನ ಅಣ್ಣನಿಗೆ ಫೋನು ಮಾಡಲು ನನಗೆ ಧೈರ್ಯ ಬರಲಿಲ್ಲ. ಮೂರನೆಯ ದಿನ ಅವನೇ ಮಾಡಿದ. ನಾನು ಕಾಕಾನ ಹೊಲದಲ್ಲಿದ್ದೆ.

"ಧಾರವಾಡದ ಸಾಲಿಯವರಿಗೆ ಬರಂಗಿಲ್ಲ ಅಂತ ಹೇಳಿದೆ" ಎಂದ.

"ಮತ್ತ ಪಟ್ಟಿ?"

"ಆಯ್ಕೆ ಮಾಡೂ ಮಂದಿ ಪೈಕಿ ಒಬ್ಬರು ಫೋನ್ ಮಾಡಿದ್ರು. ನಿನ್ನ ಆಟ ನೋಡೇವಿ, ಈ ಸೀಜನ್ ರಾಜ್ಯದ ಕಡೆ ಸ್ಪಿನ್ನಿಗೆ ಹಿಂಗ ಆಡು, ಮುಂದಿನ ಪಟ್ಟ್ಯಾಗ ನೋಡೂಣು ಅಂದ್ರು. ಎರಡ್ ವರ್ಷ ಆತು ಅವರು ನನಗ ಫೋನ್ ಮಾಡಿ. ಮುಂದಿನ ವಾರ ಊರಿಗೆ ಬರತೇನಿ. ಕಣ ಖಾಲಿ ಐತಲ್ಲ?"

ನಾನು ಕಣದ ಪಕ್ಕದಲ್ಲೇ ನಿಂತಿದ್ದೆ. ಮೇಟಿಯಿಂದ ಸೌಟಿನ ಹಿಡಿಕೆಯ ತುದಿಯವರೆಗೆ ಸೋಯಾ ಬಿದ್ದಿತ್ತು. ಈ ಸಲ ನಾನು ಯಾರಿಗೂ ನಿಮ್ಮದೇ ತಿಳಕೋರಿ ಎಂದಿರಲಿಲ್ಲ, ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಅಂದವಳು ಆಯಿ. ಅರ್ಧ ಊರಿಗೆ ಅಂದಿದ್ದಳು.

"ಸೋಯಾ ಹಾಕ್ಯಾರಣ್ಣ."



"ಎಷ್ಟ ಐತಿ?"

"ಮೂರ್ ಮನಿಯವರದು."

"ಬೆಲ್ಟ್ ತರತೇನಿ ಸೊಂಟಕ್ಕ" ಎಂದ ಅಣ್ಣ. "ಎಲ್ಲಾ ಬಡದ ಗುಡಿಸಿಬಿಡಬ್ಯಾಡ್ರಿ. ಕಡ್ಡಿ ಸ್ವಲ್ಪ ನೆಲದ ಮ್ಯಾಲ ಬಿಟ್ಟಿರ್ರಿ. ಮತ್ತ ಆಯಿಗೆ ಹೇಳು, ಹೊರಸಿನ ಹಿಂದ ಜಾಗಾ ಹಿಡಿ ಅಂತ."